ಹೂವಕ್ಕ ಆರಿಸಿದ ಗೋಲಿಗಡ್ಡೆ

ಬಲು ಹಿಂದೆ, ಮೋಡಗಳು ಇಳಿದು ಬಂದು ಮನೆಯಂಗಳದಲ್ಲಿ ಕೂತು ಹೋಗುತ್ತಿದ್ದ ಕಾಲ. ಮುಗಿಲೂರೆಂಬ ರಾಜ್ಯದಲ್ಲಿ ಅಡವಯ್ಯನೆಂಬ ತೋಟಗಾರನಿದ್ದ. ಅವನ ಹೆಂಡತಿ ಹೂವಕ್ಕ. ಹಿತ್ತಿಲಲ್ಲಿ ಆಲೂಗಡ್ಡೆ ಅಗೆಯುವಾಗ ಪ್ರತಿ ಗಿಡದ ಬುಡದಲ್ಲೂ ಒಂದು ಪುಟ್ಟ ಗಡ್ಡೆಯನ್ನು ಉಳಿಸಿ ಮಣ್ಣು ಮುಚ್ಚುವುದು ಅವರ ಮನೆಯ ಪದ್ಧತಿ. ಅದು ಭೂಮಿತಾಯಿಯ ಪಾಲು.

ಒಂದು ದಿನ ಮಂಕಾಳನೆಂಬ ಮಾಂತ್ರಿಕ ಬಂದು, ಆ ಪಾಲನ್ನೂ ಅಗೆದು ಕೊಡು ಎಂದ. ಅಡವಯ್ಯ ಕೈಮುಗಿದು, ಅದು ತನ್ನದಲ್ಲ, ಕೊಡಲು ಬರುವುದಿಲ್ಲ ಎಂದ. ಮಂಕಾಳನಿಗೆ ಇಲ್ಲ ಎನ್ನಿಸಿಕೊಂಡು ಅಭ್ಯಾಸವಿರಲಿಲ್ಲ. ಬೆತ್ತ ಬೀಸಿ ಅಡವಯ್ಯನನ್ನು ಮುಳ್ಳುಹಂದಿ ಮಾಡಿ, ಕಾಡಿನ ಮುಳ್ಳುಹಂದಿಗಳ ಹಿಂಡಿಗೆ ಅಟ್ಟಿಬಿಟ್ಟ.

ಹೂವಕ್ಕ ಮಾಂತ್ರಿಕನ ಕಾಲಿಗೆ ಬಿದ್ದು ಗಂಡನನ್ನು ಮರಳಿ ಕೊಡೆಂದು ಬೇಡಿದಳು.

“ಮೂರು ಬೆಳೆ ಬೆಳಿ. ಪ್ರತಿ ಸಲವೂ ಹಿಂಡನ್ನು ನಿನ್ನ ಹಿತ್ತಿಲಿಗೆ ಬಿಡುತ್ತೇನೆ. ಗಂಡನನ್ನು ಗುರುತಿಸಿ ಮುಟ್ಟು. ಮೂರು ಸಲವೂ ತಪ್ಪಿದರೆ ಅವನು ಸಾಯುವವರೆಗೂ ಮುಳ್ಳುಹಂದಿ,” ಎಂದ ಮಂಕಾಳ.

ಮೈಮೇಲೆ ಮುಳ್ಳೆದ್ದರೂ ಗಂಡ ಪದ್ಧತಿ ಬಿಡಲಾರನೆಂದು ಹೂವಕ್ಕನಿಗೆ ಗೊತ್ತಿತ್ತು. ಪುಟ್ಟ ಗಡ್ಡೆಯನ್ನು ಉಳಿಸುವ ಪ್ರಾಣಿಯೇ ಅವನು. ಆದರೆ ಯಾವ ತಳಿ ನೆಡುವುದು? ಪಾಪ, ಹಸಿದಿರುತ್ತಾನೆ ಎಂದು ತೆಂಗಿನಕಾಯಿ ಗಾತ್ರದ ಬಿಳಿ ಗಡ್ಡೆ ನೆಟ್ಟಳು. ಗಿಡಕ್ಕೊಂದೇ ಗಡ್ಡೆ ಬಿಟ್ಟಿತು. ಹಿಂಡು ಬಂದು ತಿಂದು ತೇಗಿತು. ಉಳಿಸಲು ಪುಟ್ಟದೊಂದೂ ಇರಲಿಲ್ಲ. ಅಂದಾಜಿನ ಮೇಲೆ ಒಂದನ್ನು ಮುಟ್ಟಿದಳು, ಅದು ಅಂಗೈಗೆ ಮುಳ್ಳು ಚುಚ್ಚಿ ಓಡಿತು.

ಎರಡನೆಯ ಸಲ, ಗಂಡನಿಗೆ ಪ್ರಾಣವಾಗಿದ್ದ ಪಲ್ಯದ ಕೆಂಪು ಗಡ್ಡೆ ನೆಟ್ಟಳು. ದೊಡ್ಡವು, ಚಿಕ್ಕವು ಬೇಕಾದಷ್ಟು ಬಿಟ್ಟವು. ಆದರೆ ಆ ತಳಿ ಬುಡದಲ್ಲಿ ನಿಲ್ಲದೆ ದೂರ ದೂರ ಹರಿಯುವಂಥದ್ದು. ಮುಳ್ಳುಹಂದಿಗಳು ಒಂದರ ಗುಂಡಿಗೆ ಇನ್ನೊಂದು ನುಗ್ಗಿ ಹಿತ್ತಿಲನ್ನೆಲ್ಲ ಎಬ್ಬಿಸಿಹಾಕಿದವು. ಒಂದು ಮುಚ್ಚಿದ್ದನ್ನು ಇನ್ನೊಂದು ತೆಗೆದು ತಿಂದರೆ ಗುರುತು ಹತ್ತುವುದು ಹೇಗೆ? ಹೂವಕ್ಕ ಮುಟ್ಟಿದ್ದು ಮತ್ತೆ ತಪ್ಪಿತು.

ಅವಳು ಬಾವಿಕಟ್ಟೆಯ ಮೇಲೆ ಕೂತು ಅತ್ತಳು. ಅತ್ತು ಮುಗಿದ ಮೇಲೆ ಯೋಚನೆ ಮಾಡಿದಳು. ಇಲ್ಲಿಯವರೆಗೆ ತಾನು ನೆಟ್ಟದ್ದು ಅಡುಗೆಮನೆಗೆ, ಗುರುತಿಗಲ್ಲ. ಎದ್ದು ಒಳಗೆ ಅತ್ತೆಯ ಬಳಿ ಹೋದಳು.

“ಅತ್ತೆ, ನಿಮ್ಮ ಆ ಗೋಲಿಗಡ್ಡೆ ಬೀಜ ಇನ್ನೂ ಇದೆಯಾ?”

“ಸುಲಿಯೋಕೆ ಬೇಜಾರು ಅಂತ ನೀನೇ ಅಟ್ಟಕ್ಕೆ ಹಾಕಿದ್ಯಲ್ಲ ತಾಯಿ,” ಎಂದರು ಮುದುಕಿ. “ಬೂದಿ ಬುಟ್ಟೀಲಿ ಮೊಳಕೆ ಒಡ್ಕೊಂಡು ಕೂತಿದೆ.”

ಹೂವಕ್ಕ ಅದನ್ನೇ ನೆಟ್ಟಳು. ಗೋಲಿಯಷ್ಟು ಪುಟ್ಟ ಗಡ್ಡೆಗಳು ಗಿಡದ ಬುಡಕ್ಕೇ ಅಂಟಿಕೊಂಡು ಗೊಂಚಲು ಗೊಂಚಲಾಗಿ ಬಿಟ್ಟವು. ಹೊತ್ತು ಮುಳುಗುವಾಗ ಹಿಂಡು ಬಂತು. ಗಿಡಕ್ಕೊಂದರಂತೆ ನಿಂತು, ತಮ್ಮ ತಮ್ಮ ಗೊಂಚಲನ್ನು ತಿಂದು ಮುಗಿಸಿದವು. ಬಾವಿಯ ಬಳಿಯ ಮುಳ್ಳುಹಂದಿಯೊಂದು ಮಾತ್ರ ಕಡೆಯ ಗಡ್ಡೆಯನ್ನು ಮೂಸಿ, ಗುಂಡಿಗೆ ತಳ್ಳಿ, ಮಣ್ಣೆಳೆದು ಮೆಲ್ಲಗೆ ತಟ್ಟಿತು. ಅಡವಯ್ಯ ತಟ್ಟುತ್ತಿದ್ದುದೂ ಹಾಗೆಯೇ.

ಹೂವಕ್ಕ ಓಡಿಹೋಗಿ ಮುಳ್ಳುಸಮೇತ ಅದನ್ನು ತಬ್ಬಿಕೊಂಡಳು.

“ಇವರೇ ನಮ್ಮ ಯಜಮಾನರು.”

ಮುಳ್ಳುಗಳು ಉದುರಿದವು. ಮೀಸೆಗೆಲ್ಲ ಮಣ್ಣು ಮೆತ್ತಿಕೊಂಡು ಅಡವಯ್ಯ ನಿಂತಿದ್ದ. ಮಾಟ ತಿರುಗಿಬಿದ್ದು, ನೋಡುತ್ತ ನಿಂತಿದ್ದ ಮಂಕಾಳನ ಬೆತ್ತ ಪುಡಿಯಾಯಿತು, ಅವನೇ ಮುಳ್ಳುಹಂದಿಯಾಗಿ ಹಿಂಡಿನ ಹಿಂದೆ ಕಾಡಿಗೆ ಓಡಿದ. ಆಮೇಲೆ ಮುಗಿಲೂರಿನಲ್ಲಿ ಯಾರಿಗೂ ಮಾಂತ್ರಿಕರ ಕಾಟವಿರಲಿಲ್ಲ, ಎಲ್ಲರೂ ಹೊಟ್ಟೆ ತುಂಬ ಉಂಡು ನಿಶ್ಚಿಂತೆಯಾಗಿ ಮಲಗಿದರು.

ಆ ಮನೆಯಲ್ಲಿ ಗಂಡ, ಹೆಂಡತಿ, ಅತ್ತೆ ಮೂವರೂ ಕೂತು ಗೋಲಿಗಡ್ಡೆ ಸುಲಿಯುತ್ತಿದ್ದರು. ಸುಲಿಯಲು ಬೇಜಾರೆಂದು ಹೂವಕ್ಕ ಮತ್ತೆಂದೂ ಹೇಳಲಿಲ್ಲ. ಮುಂದಿನ ಬೆಳೆಗೆ ಯಾವ ತಳಿ ಎಂಬ ಮಾತೂ ಬರಲಿಲ್ಲ. ಬಾವಿಯ ಬಳಿ ಅಡವಯ್ಯ ಮುಚ್ಚಿಟ್ಟಿದ್ದ ಪುಟ್ಟ ಗಡ್ಡೆ ಆಗಲೇ ಚಿಗುರಿತ್ತು.