ಉಪವಾಸದ ಉಪ್ಪು

"ಸಪ್ಪನ ಅಡಗಿ ಉಣಿಸಿ ಉಣಿಸಿ ನನ್ನ ಗಂಡನ್ನ ನಿತ್ರಾಣ ಮಾಡಿಬಿಟ್ಟಿಯಲ್ಲ! ನಿಮ್ಮವ್ವ ತಿಕೋಟಾದಾಗ ಇದನ್ನ ಕಲಿಸಿ ಕಳಿಸ್ಯಾಳೇನ?"

ಜಲನಗರದ ಆ ಮನೆಯ ಅಡುಗೆಮನೆ ಬಾಗಿಲಲ್ಲಿ ನಿಂತು ಗುರುಸಿದ್ದವ್ವ ಕೂಗುತ್ತಿದ್ದರೆ, ಸೊಸೆ ಶೈಲಾ ರೊಟ್ಟಿ ಬಡಿಯುತ್ತಿದ್ದಳು. ಎದುರು ಮಾತಾಡಲು ಮೈಯಲ್ಲಿ ತ್ರಾಣವಾದರೂ ಇರಬೇಕಲ್ಲ! ಹೃದಯ ಸೋತು ಆಸ್ಪತ್ರೆ ಸೇರಿದ್ದ ಮಾವ ಗುರುಪಾದಯ್ಯ ಮನೆಗೆ ಬಂದಾಗಿನಿಂದ ಅವಳು ಒಂದು ದಿನವೂ ಕೂತು ಉಂಡವಳಲ್ಲ. ಬೆಳಗಾದರೆ ಅವನ ತೂಕ ನೋಡಬೇಕು, ಕುಡಿಯುವ ನೀರು ಅಳೆದಿಡಬೇಕು, ಉಪ್ಪು ಸೋಕಿಸಬಾರದು... ಇಷ್ಟೆಲ್ಲ ಮಾಡಿದರೂ ಮಾವನ ಕಾಲುಗಳು ಮತ್ತೆ ಬಾತಿದ್ದವು. ಮೈಯಲ್ಲಿ ಮತ್ತೆ ನೀರು ತುಂಬಿದರೆ ಜೀವಕ್ಕೇ ಅಪಾಯವೆಂದು ಡಾಕ್ಟರು ಹೇಳಿದ್ದರು. ತಪ್ಪು ಎಲ್ಲಾಗುತ್ತಿದೆ ಎಂದು ಪಾಪ, ಅವಳಿಗೆ ತಿಳಿಯದು.

ಮಧ್ಯಾಹ್ನ ತಿಳಿಯಿತು. ಗುರುಸಿದ್ದವ್ವ ಸೆರಗಿನ ಗಂಟು ಬಿಚ್ಚಿ ಗಂಡನ ಮಜ್ಜಿಗೆಗೆ ಏನೋ ಪುಡಿ ಉದುರಿಸುತ್ತಿದ್ದಳು.

"ಅತ್ತೀ! ಏನ್ರಿ ಅದು?"

"ಸೈಂಧವ. ಅದೇನು ಉಪ್ಪೇನ? ಶಿವರಾತ್ರಿ ಉಪವಾಸಕ್ಕ ನಡೀತದ, ನಿಮ್ಮ ಮಾವಗ ನಡಿಯಂಗಿಲ್ಲೇನ? ದಿನಾ ಹಾಕೇನಿ!"

"ಅದೂ ಉಪ್ಪರೀ ಅತ್ತಿ... ಅದೂ ಉಪ್ಪ!"

ಸಂಜೆಗೆಲ್ಲ ಗುರುಪಾದಯ್ಯನಿಗೆ ಮಲಗಲೂ ಆಗದಷ್ಟು ಉಬ್ಬಸ. ಆಟೋದಲ್ಲಿ ಆಸ್ಪತ್ರೆಗೆ ಒಯ್ದರು. ಸೂಜಿ ಹಾಕಿದ ಮೇಲೆ ಉಸಿರು ಹದಕ್ಕೆ ಬಂತು. ಆದರೆ ಡಾಕ್ಟರ ಸಿಟ್ಟು ಇಳಿಯಲಿಲ್ಲ.

"ಬ್ಯಾಡಂದ್ರೂ ಉಪ್ಪು ಹಾಕ್ದವ್ರು ಯಾರ್ರಿ?"

ಗುರುಸಿದ್ದವ್ವ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಹಾಸಿಗೆಯ ಮೇಲಿಂದ ಗುರುಪಾದಯ್ಯ ಕಣ್ಣುಬಿಟ್ಟು ನೋಡುತ್ತಿದ್ದ.

"ನಾನರಿ," ಎಂದಳು ಶೈಲಾ. "ಮರತ ಹಾಕಿಬಿಟ್ಟೆ."

"ನಮ್ಮಪ್ಪನ್ನ ಕೊಲ್ಲಾಕ ಹೊಂಟೀಯೇನ?" ಗಂಡ ಅರುಣಕುಮಾರ ಎಲ್ಲರೆದುರೇ ಗದರಿದ. ಅವಳು ತಲೆ ತಗ್ಗಿಸಿ ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಹಿಂದೆಯೇ ಅತ್ತೆ ಬಂದಳು.

"ನನ್ನ ಹೆಸರ ಯಾಕ ಹೇಳಲಿಲ್ಲ?"

"ಮಾವಾರು ನಿಮ್ಮ ಕೈಯಾಗಿಂದ ಬಿಟ್ರ ಬ್ಯಾರೆ ಯಾರು ಕೊಟ್ರೂ ಗುಳಿಗಿ ನುಂಗಂಗಿಲ್ಲ. ನಿಮ್ಮ ಮ್ಯಾಲಿನ ನಂಬಿಕೀನೂ ಹ್ವಾದ್ರ ಅವರಿಗೆ ಗುಳಿಗಿ ಯಾರು ನುಂಗಿಸಬೇಕ್ರಿ? ನನ್ನ ಕೈಲೆ ಆಗಂಗಿಲ್ಲರಿ ಅತ್ತಿ... ಸಾಕಾಗೇದ ನನಗ. ನೀವೂ ಬೈಯೂದಿದ್ರ ನಾಳೆ ಬೈರಿ."

ಅಯ್ಯೋ, ಇಂಥ ಹುಡುಗಿಗೆ ಏನೆಲ್ಲ ಅಂದುಬಿಟ್ಟೆ! ಗುರುಸಿದ್ದವ್ವ ಸರಸರ ಒಳಗೆ ಹೋಗಿ ಮಗನ ರಟ್ಟೆ ಹಿಡಿದು ಹೊರಗೆ ಎಳೆದು ತಂದಳು.

"ಅರುಣಾ, ಉಪ್ಪ ಹಾಕಿದಾಕಿ ನಾನೋ ಯಪ್ಪಾ! ನಿಮ್ಮಪ್ಪಗ ಮಾತ್ರ ಹೇಳಬ್ಯಾಡ. ಇವತ್ತ ಇಲ್ಲಿ ನಾ ಕೂಡ್ತೀನಿ. ನನ್ನ ಸೊಸೀನ ಮನಿಗೆ ಕರಕೊಂಡು ಹೋಗು. ಆಕೀ ಕಾಲ ಹಿಡದರೂ ಚಿಂತಿಲ್ಲ, ತಪ್ಪಾತು ಅನ್ನು..."

ಮದುವೆಯಾಗಿ ಬಂದಾಗಿನಿಂದ ಅತ್ತೆಯ ಬಾಯಿಂದ 'ನನ್ನ ಸೊಸಿ' ಎಂಬ ಮಾತಿಗಾಗಿ ಕಾದವಳು ಶೈಲಾ. ಆದರೆ ಅದು ಅವಳ ಕಿವಿಗೆ ಬೀಳಲಿಲ್ಲ. ಬೆಂಚಿನ ಮೇಲೆ, ಗೋಡೆಗೆ ತಲೆ ಆನಿಸಿ, ಅವಳು ನಿದ್ದೆ ಹೋಗಿದ್ದಳು.