ಫಿಲ್ಟರಿನ ಒಳಮಗ್ಗುಲು

ಸೋಮವಾರ ಬೆಳಿಗ್ಗೆ ಮಂಜು ಇನ್ನೂ ಠಾಣೆಯ ಕಿಟಕಿಗೆ ಅಂಟಿಕೊಂಡಿರುವಾಗಲೇ ದೂರು ಬಂತು. ತಂದವನು ಊರಾಚೆಯ ವಿಮಾನ ತರಬೇತಿ ಕ್ಲಬ್ಬಿನ ಮೆಕ್ಯಾನಿಕ್. ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಇಟ್ಟ. ಅದರೊಳಗೆ ಎಣ್ಣೆ ಕುಡಿದ, ನೆರಿಗೆ ನೆರಿಗೆಯ ಕಾಗದ.

"ಏನಿದು?" ಇನ್‌ಸ್ಪೆಕ್ಟರ್ ಕೇಳಿದರು.

"ವಿಮಾನದ ಆಯಿಲ್ ಫಿಲ್ಟರಿನ ಹೊಟ್ಟೆ ಸಾರ್. ಇದರಲ್ಲಿ ಯಾರೋ ಲೋಹದ ಪುಡಿ ಹಾಕಿದಾರೆ."

ಇನ್‌ಸ್ಪೆಕ್ಟರ್ ಆಕಳಿಕೆ ನುಂಗಿಕೊಂಡರು. ಮಂಜು ಕವಿದ ದಿನ ಅವರ ಅರ್ಧ ಜೀವ ಹಾಸಿಗೆಯಲ್ಲೇ ಉಳಿದಿರುತ್ತಿತ್ತು. ಆದರೂ ಕಿವಿ ಮಾತ್ರ ಮಲಗುತ್ತಿರಲಿಲ್ಲ.

ಮೆಕ್ಯಾನಿಕ್ ಹೇಳಿದ್ದಿಷ್ಟು. ಎಣ್ಣೆ ಬದಲಿಸಿದಾಗಲೆಲ್ಲ ಹಳೆ ಫಿಲ್ಟರನ್ನು ಎಸೆಯುವಂತಿಲ್ಲ. ಡಬ್ಬಿ ಕತ್ತರಿಸಿ, ಒಳಗಿನ ಕಾಗದ ಬಿಡಿಸಿ ನೋಡಬೇಕು. ಎಂಜಿನ್ ಒಳಗೊಳಗೇ ಸವೆಯುತ್ತಿದ್ದರೆ ಅದರ ಚೂರು ಅಲ್ಲಿ ಸಿಗುತ್ತದೆ. ಹದಿನೈದು ದಿನದ ಹಿಂದೆ ಹಾಗೆ ಬಿಡಿಸಿದರೆ ಹಳದಿ ಚೂರುಗಳು ಮಿನುಗಿದವು. ಕೂಡಲೇ ಅವನು ವಿಮಾನವನ್ನು ಮೂಲೆಗೆ ತಳ್ಳಿಸಿದ. ಎಂಜಿನ್ ಬಿಚ್ಚಿದರು. ಒಳಗೆ ಸವೆತದ ಗುರುತೇ ಇರಲಿಲ್ಲ.

"ಈಗ ಕ್ಲಬ್ಬಿನ ಕಾರ್ಯದರ್ಶಿ ಏನಂತಾರೆ ಗೊತ್ತಾ? ನಾನು ಯಾವುದೋ ಅಗ್ಗದ ಕಾರಿನ ಫಿಲ್ಟರ್ ಹಾಕಿದೀನಿ, ಅದೇ ಒಡೆದು ಚೂರು ಬಿಟ್ಟಿದೆ ಅಂತ. ನಾಳಿದ್ದು ಕಮಿಟಿ ಸೇರುತ್ತೆ. ಕೆಲಸದಿಂದ ತೆಗೀತಾರೆ. ಆಮೇಲೆ ಯಾವ ಹ್ಯಾಂಗರಿನೋರೂ ನನ್ನನ್ನ ಒಳಗೆ ಬಿಡಲ್ಲ ಸಾರ್."

ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಇನ್‌ಸ್ಪೆಕ್ಟರ್ ಮಹಿಳಾ ಪೇದೆಯೊಂದಿಗೆ ಕ್ಲಬ್ಬಿಗೆ ಹೋದರು. ಹ್ಯಾಂಗರಿನ ತಗಡು ಬಿಸಿಲಿಗೆ ಟಿಕ್ ಟಿಕ್ ಎನ್ನುತ್ತಿತ್ತು. ಹೊರಗೆ ಉದ್ದಕ್ಕೂ ಹುಲ್ಲು, ಹುಲ್ಲಿನ ಮೇಲೆ ಮೋಡದ ನೆರಳು. ಪುಟ್ಟ ವಿಮಾನಗಳು ಅರೆನಿದ್ದೆಯಲ್ಲಿದ್ದವು. ಸ್ವಲ್ಪ ಹೊತ್ತು ನಿಂತರೆ ತನಿಖೆ ಮರೆತು ಅಲ್ಲೇ ಒರಗಿಬಿಡೋಣ ಅನ್ನಿಸುವಂಥ ಜಾಗ. ಇನ್‌ಸ್ಪೆಕ್ಟರ್‌ಗೆ ಹಾಗನ್ನಿಸಿದ್ದು ಪೇದೆಗೆ ತಿಳಿದುಹೋಯಿತು. ಆಕೆ ಕೆಮ್ಮಿದಳು.

"ಫಿಲ್ಟರ್ ಕಾರಿಂದೇ ಅಂತ ನಿಮಗೆ ಹೇಗೆ ಗೊತ್ತು?" ಇನ್‌ಸ್ಪೆಕ್ಟರ್ ಕಾರ್ಯದರ್ಶಿಯನ್ನು ಕೇಳಿದರು.

"ನೋಡೋಕೆ ಎರಡೂ ಒಂದೇ ಥರ ಇರುತ್ತೆ. ತಿರುಪಿನ ಹಾಗೆ ತಿರುಗಿಸಿದ್ರೆ ಕೂರುತ್ತೆ."

"ಕೂತ್ರೆ ಸಾಲದು," ಎಂದ ಮೆಕ್ಯಾನಿಕ್. "ಕಾಗದದಲ್ಲಿ ಕೊಳೆ ಕಟ್ಟಿಕೊಂಡ್ರೆ ಎಣ್ಣೆಗೆ ಬೇರೆ ದಾರಿ ಬಿಡೋ ವಾಲ್ವ್ ಒಳಗಿರುತ್ತೆ. ಅದು ಎಷ್ಟು ಒತ್ತಡಕ್ಕೆ ತೆರೀಬೇಕು ಅನ್ನೋದು ಎಂಜಿನ್ನಿಗೆ ತಕ್ಕ ಹಾಗೆ. ನಾನು ಅಳತೆ ನೋಡಿ ತರಲ್ಲ, ನಂಬರ್ ನೋಡಿ ತರ್ತೀನಿ."

ಕತ್ತರಿಸಿದ ಡಬ್ಬಿಯ ಮೇಲೆ ನಂಬರ್ ಇತ್ತು. ಇನ್‌ಸ್ಪೆಕ್ಟರ್ ಎಂಜಿನ್ ತಯಾರಕರ ಕೈಪಿಡಿ ತರಿಸಿ ಹೋಲಿಸಿದರು. ಸರಿಯಾಗಿತ್ತು. ಕಾರ್ಯದರ್ಶಿ ಮೂಗು ಮುರಿದರು. "ಸರಿ, ಹಾಗಾದ್ರೆ ಚೂರು ಆಕಾಶದಿಂದ ಉದುರಿತಾ?"

ಪಂಚರ ಎದುರು ಚೀಲ ಬಿಚ್ಚಿ ಕಾಗದವನ್ನು ಬಿಳಿ ಬಟ್ಟೆಯ ಮೇಲೆ ಹಾಸಿದರು. ಪಂಚನಾಮೆ ಬರೆಯುತ್ತಿದ್ದ ಪೇದೆ ಪೆನ್ನು ನಿಲ್ಲಿಸಿದಳು.

"ಎಣ್ಣೆ ಇದರೊಳಗೆ ಹೇಗೆ ಹೋಗುತ್ತೆ?"

"ಅಂಚಿನ ಸಣ್ಣ ತೂತುಗಳಿಂದ ಒಳಗೆ ಬಂದು, ಕಾಗದದ ಹೊರಗಿಂದ ಸೋಸಿ, ನಡುವಿನ ದೊಡ್ಡ ತೂತಿಂದ ಎಂಜಿನ್ನಿಗೆ ವಾಪಸ್ ಹೋಗುತ್ತೆ."

"ಅಂದ್ರೆ ಕೊಳೆ ಹೊರಮಗ್ಗುಲಲ್ಲಿ ನಿಲ್ಲುತ್ತೆ."

"ಹೌದು."

"ಮಸಿ ಈ ಕಡೆ ಇದೆ. ಚೂರು ಆ ಕಡೆ ಇದೆಯಲ್ಲ?"

ಮೆಕ್ಯಾನಿಕ್ ಕಾಗದ ತಿರುಗಿಸಿ ನೋಡಿದ, ಮತ್ತೆ ತಿರುಗಿಸಿದ. ಕಪ್ಪೆಲ್ಲ ಹೊರಮೈಗೆ, ಮಿನುಗೆಲ್ಲ ಸ್ವಚ್ಛವಾದ ಒಳಮೈಗೆ. ಅವನು ತಲೆಯ ಮೇಲೆ ಕೈ ಹೊತ್ತು ಸ್ಟೂಲಿನ ಮೇಲೆ ಕುಸಿದ. ಮಿನುಗು ಕಂಡ ಗಾಬರಿಯಲ್ಲಿ ಆವತ್ತು ಮಗ್ಗುಲನ್ನೇ ನೋಡಿರಲಿಲ್ಲ. ಎಂಜಿನ್ನಿನಿಂದ ಬಂದ ಚೂರು ಕಾಗದ ದಾಟಿ ಅಲ್ಲಿಗೆ ಹೋಗಲು ಸಾಧ್ಯವೇ ಇಲ್ಲ. ಕಳಚಿಟ್ಟ ಫಿಲ್ಟರಿನ ನಡುತೂತಿಗೆ ಯಾರೋ ಪುಡಿ ಸುರಿದಿದ್ದಾರೆ. ಕಸುಬು ಗೊತ್ತಿಲ್ಲದವರಿಗೆ ಕಣ್ಣಿಗೆ ಬೀಳುವುದು ಆ ದೊಡ್ಡ ತೂತೇ.

"ಕಳಚಿದ್ದು ಯಾವಾಗ?"

"ಸಂಜೆ. ಎಣ್ಣೆ ಸೋರಿದ ಮೇಲೆ ಬಾಯಿ ಮೇಲೆ ಮಾಡಿ ಇದೇ ಬೆಂಚಿನ ಮೇಲಿಟ್ಟೆ. ಕತ್ತರಿಸಿದ್ದು ಬೆಳಿಗ್ಗೆ."

"ನಡುವೆ ಯಾರು ಬಂದಿದ್ರು?"

"ಹೊರಗಿನೋರು ಯಾರೂ ಇಲ್ಲ. ನಾನು, ಕಾವಲುಗಾರ, ವಿಮಾನ ಹಾರಿಸೋದು ಕಲಿಯೋ ಹುಡುಗಿ."

"ಸಂಜೆ ಏನಾದ್ರೂ ತಿಂದ್ರಾ?" ಪೇದೆ ಕೇಳಿದಳು.

"ಅಕ್ಕ ತಿಂಡಿ ತಂದಿದ್ರು. ಹುಡುಗಿಯ ಅಕ್ಕ. ದಿನಾ ತರ್ತಾರೆ, ನಮಗೂ ಸೇರಿಸಿ."

ತಿಂಡಿ ತರುವವರನ್ನು ಯಾರೂ ಬಂದವರ ಲೆಕ್ಕಕ್ಕೆ ಸೇರಿಸುವುದಿಲ್ಲ. ಹಿಂದೊಮ್ಮೆ ಬೇರೆ ವಿಮಾನದ ಫಿಲ್ಟರಿನಲ್ಲಿ ಚೂರು ಸಿಕ್ಕಿ ಅದನ್ನು ನಿಲ್ಲಿಸಿದಾಗಲೂ ಅಕ್ಕ ಅಲ್ಲೇ ಬುತ್ತಿ ಬಿಚ್ಚುತ್ತಾ ಎಲ್ಲ ನೋಡುತ್ತಿದ್ದಳಂತೆ; ಚೂರು ಸಿಕ್ಕರೆ ವಿಮಾನ ಹಾರುವುದಿಲ್ಲ ಎಂದು ಆಕೆಗೆ ತಿಳಿದದ್ದು ಹಾಗೆ. ಅಕ್ಕನ ಕಸುಬು ಕೇಳಿದಾಗ ಇನ್‌ಸ್ಪೆಕ್ಟರರ ನಿದ್ದೆ ಪೂರ್ತಿ ಹಾರಿತು. ಆಕೆಗೆ ಪೇಟೆಯಲ್ಲಿ ನಕಲಿ ಕೀಲಿ ಮಾಡಿಕೊಡುವ ಅಂಗಡಿ.

ಮಂಗಳವಾರ ಪಂಚರೊಂದಿಗೆ ಹೋಗಿ ಅಂಗಡಿಯ ಯಂತ್ರದಡಿಯ ಹಿತ್ತಾಳೆ ಪುಡಿಯನ್ನು ವಶಪಡಿಸಿಕೊಂಡರು. ಬುಧವಾರ ಪ್ರಯೋಗಾಲಯ ಎರಡೂ ಪುಡಿ ಒಂದೇ ಎಂದಿತು. ಕಮಿಟಿ ಮೆಕ್ಯಾನಿಕ್‌ನ ಕೈಹಿಡಿದು ಕ್ಷಮೆ ಕೇಳಿತು. ಜೋಡಿಸಿಟ್ಟಿದ್ದ ಎಂಜಿನ್ನನ್ನು ಓಡಿಸಿ ನೋಡಿ, ವಿಮಾನ ಹಾರಬಹುದೆಂದು ಅವನೇ ಸಹಿ ಹಾಕಿದ.

ಸಂಜೆ ಇನ್‌ಸ್ಪೆಕ್ಟರ್ ಅಂಗಡಿಗೆ ಹೋದಾಗ ಅಕ್ಕ ಯಂತ್ರ ನಿಲ್ಲಿಸಿ ಆಕಾಶಕ್ಕೆ ಕಿವಿಗೊಟ್ಟು ನಿಂತಿದ್ದಳು.

"ಯಾಕಮ್ಮಾ ಹೀಗೆ ಮಾಡಿದ್ರಿ?"

"ಅವಳು ಆ ವಿಮಾನದಲ್ಲಿ ಒಬ್ಬಳೇ ಹಾರೋ ದಿನ ಗೊತ್ತಾಗಿತ್ತು ಸಾರ್. ಅವತ್ತಿಂದ ಒಂದೇ ಕನಸು. ಅವಳು ನಡೆಯೋಕೆ ಕಲೀವಾಗ ಹಿಂದಿಂದ ಫ್ರಾಕು ಹಿಡ್ಕೊಂಡು ಓಡ್ತಿದ್ದೆ. ಕನಸಲ್ಲೂ ಹಿಡ್ಕೊಂಡಿರ್ತೀನಿ. ಅವಳ ಕಾಲು ನೆಲ ಬಿಡುತ್ತೆ. ಬಟ್ಟೆ ಕೈಯಿಂದ ಜಾರುತ್ತೆ. ಅವಳು ತಿರುಗಿ ನಗ್ತಾಳೆ, ಚಿಕ್ಕದಾಗ್ತಾ ಹೋಗ್ತಾಳೆ. ಎಚ್ಚರ ಆದ್ರೆ ನನ್ನ ಮುಷ್ಟಿ ಬಿಗಿದೇ ಇರುತ್ತೆ."

"ಆ ಮನುಷ್ಯನ ಕೆಲಸ ಹೋಗ್ತಿತ್ತು."

"ಗೊತ್ತು. ಅವರಿಗೂ ನಾನೇ ಬಡಿಸ್ತಿದ್ದೆ. ಬಾಯಿ ಬಿಟ್ರೆ ಅವರು ಉಳೀತಿದ್ರು, ಇವಳು ಹಾರ್ತಿದ್ಳು." ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ಎಲ್ಲಾ ಬರ್ಕೊಳ್ಳಿ ಸಾರ್. ಒಂದೇ ಕೇಳ್ಕೋತೀನಿ. ಈಗ ಮೇಲೆ ಒಬ್ಬಳೇ ಇದಾಳೆ, ಇಳಿಯೋ ತನಕ ಅವಳಿಗೆ ಸುದ್ದಿ ಮುಟ್ಟಿಸಬೇಡಿ. ಕೈ ನಡುಗೀತು."

ಪೇದೆ ಬಂಧನದ ಪತ್ರಕ್ಕೆ ಸಹಿ ಪಡೆದಳು. ಠಾಣೆಗೆ ನೇರ ದಾರಿಯಿತ್ತು. ಆದರೂ ಜೀಪು ಹುಲ್ಲುಗಾವಲಿನ ಬೇಲಿಯ ಪಕ್ಕ ಬಂದು ನಿಂತಿತು. ಮೇಲೆ ಸಂಜೆಯ ಹೊಂಬಣ್ಣದಲ್ಲಿ ಪುಟ್ಟ ವಿಮಾನ ಸುತ್ತುತ್ತಿತ್ತು. ಅಕ್ಕ ಕಣ್ಣು ಮುಚ್ಚಿಕೊಂಡು, ಪಕ್ಕದ ಪೇದೆಯ ಖಾಕಿ ತೋಳನ್ನು ಬಿಗಿಯಾಗಿ ಹಿಡಿದಿದ್ದಳು. ಕೆಲಸದ ನಿಯಮ ಏನೇ ಹೇಳಲಿ, ಪೇದೆ ಬಿಡಿಸಿಕೊಳ್ಳಲಿಲ್ಲ.

ಸದ್ದು ಹತ್ತಿರವಾಯಿತು, ತಗ್ಗಿತು, ಆಮೇಲೆ ನಿಂತೇ ಹೋಯಿತು.

"ಇಳಿದ್ಲಾ?"

"ಇಳಿದ್ರು ಅಕ್ಕಾ. ಕಣ್ಣು ಬಿಡಿ."

ಅಕ್ಕ ಕಣ್ಣು ಬಿಡಲಿಲ್ಲ. ಇನ್ನೊಂದು ಮಾತು ಕೇಳಿದಳು.

"ಚೆನ್ನಾಗಿ ಇಳಿಸಿದ್ಲಾ?"