ಡ್ರಮ್ಮಿನ ನೀರು

ಎಪ್ಪತ್ತೇಳನೇ ಇಸವಿಯ ಒಂದು ಬೆಳಿಗ್ಗೆ, ಎಂಟೂವರೆಗೆ, ಸೋಮನಹಳ್ಳಿಯ ಅಚ್ಚುಕೂಟದಲ್ಲಿ ಡೀಸೆಲ್ ಎಂಜಿನ್ ಕಿರುಚಿ ನಿಂತಿತು. ಕರೆಂಟು ನೆಚ್ಚಲಾಗದ ಊರಲ್ಲಿ ದಿನಾ ಮುದ್ರಣಯಂತ್ರ ತಿರುಗಿಸುತ್ತಿದ್ದ ಎಂಜಿನ್ ಅದು; ಅವತ್ತು ಆರಕ್ಕೇ ಶುರುವಾಗಿತ್ತು. ಕಾದು, ಪಿಸ್ಟನ್ ಕಚ್ಚಿಕೊಂಡು ಸತ್ತಿತ್ತು.

ಮದ್ದೂರಿನಿಂದ ಸಬ್ ಇನ್‌ಸ್ಪೆಕ್ಟರ್ ಮರಿಯಯ್ಯ ಬರುವಷ್ಟರಲ್ಲಿ ಎಂಜಿನ್ ಓಡಿಸುವ ನಾಗಯ್ಯನನ್ನು ಕಂಬಕ್ಕೆ ಕಟ್ಟಿಯಾಗಿತ್ತು. ಹಗ್ಗ ಮೊದಲು, ವಿಚಾರಣೆ ಆಮೇಲೆ. ಮ್ಯಾನೇಜರ್ ಶ್ಯಾಮಣ್ಣನವರ ನ್ಯಾಯ ಅಷ್ಟು ಚುರುಕು.

"ನಿನ್ನೆ ಬೈದಿದ್ದೆ. ಆ ಸೇಡಿಗೆ ಎಂಜಿನ್ ತಣಿಸೋ ಡ್ರಮ್ಮಿನ ನೀರು ಹೊರಗೆ ಬಿಟ್ಟಿದ್ದಾನೆ. ಜೈಲಿಗೆ ಹಾಕಿ," ಎಂದ ಶ್ಯಾಮಣ್ಣ. ಮಿಂದು, ಮಡಿಯುಟ್ಟು, ನಾಮ ಎಳೆದು ದೂರ ನಿಂತಿದ್ದ.

"ನಾನಲ್ಲ ಸಾ," ಎಂದ ನಾಗಯ್ಯ. "ಕೆಲ್ಸ ಓಯ್ತು ಅಂದ್ರೆ ಮಕ್ಕಳ ಒಟ್ಟೆಗೇನು ಆಕ್ಲಿ? ಡ್ರಮ್ಮಿರೋದು ಇತ್ಲಲ್ಲಿ, ಬಾವಿ ತಾವ. ಅತ್ಲಾಗೆ ನನ್ನ ಬುಡೋದೇ ಇಲ್ಲ."

"ಸುಳ್ಳು!" ಶ್ಯಾಮಣ್ಣ ಗೋಡೆಯ ಗಾಂಧಿ ಪಟದತ್ತ ಕೈ ತೋರಿದ. "ನಮ್ಮಲ್ಲಿ ಆ ಭೇದ ಎಲ್ಲ ಇಲ್ಲ. ದಿನಾ ಇವನೇ ಬಾವಿಯಿಂದ ಸೇದಿ ತುಂಬೋದು."

ಮರಿಯಯ್ಯ ಪಟವನ್ನೂ ನೋಡಿದ, ನಾಮವನ್ನೂ ನೋಡಿದ.

*

ಹಿತ್ತಲಿಗೆ ಹೋದ. ಗೋಡೆಯಾಚೆ ಎಂಜಿನ್, ಈಚೆ ಡ್ರಮ್, ನಡುವೆ ಎರಡು ಕೊಳವೆ. ತಣ್ಣೀರು ಕೆಳಗಿನದರಲ್ಲಿ ಹೋಗಿ, ಬಿಸಿಯಾಗಿ ಮೇಲಿನದರಲ್ಲಿ ಬರಬೇಕು. ನೀರು ಮೇಲಿನ ಕೊಳವೆಗಿಂತ ಇಳಿದರೆ ಓಡಾಟ ನಿಂತು ಎಂಜಿನ್ ಸುಡುತ್ತದೆ. ಈಗ ಒಂದು ಗೇಣು ಕೆಳಗಿತ್ತು.

ಡ್ರಮ್ಮಿನ ನಲ್ಲಿ ತುಕ್ಕು ಹಿಡಿದು ಬಿಗಿದಿತ್ತು. ನೆಲ ಒಣಗಿತ್ತು. ಸೋರಿಲ್ಲ, ಬಿಟ್ಟೂ ಇಲ್ಲ. ಯಾರೋ ಮೇಲಿನಿಂದ ಮೊಗೆದಿದ್ದಾರೆ.

ಪಕ್ಕದಲ್ಲೇ, ಅಚ್ಚುಕೂಟದಲ್ಲೇ ವಾಸವಿದ್ದ ಶ್ಯಾಮಣ್ಣನ ಬಚ್ಚಲುಮನೆ. ಒಲೆಯ ಬಾಯಿಗೆ ಜೇಡರ ಬಲೆ. ಆದರೂ ಹಂಡೆಯ ತಳದ ನೀರು ಬೆಚ್ಚಗಿತ್ತು. ಬೆರಳದ್ದಿ ಮೂಸಿದ. ಎಂಜಿನ್ ಎಣ್ಣೆ.

*

"ಕಟ್ಟು ಬಿಚ್ಚಿ," ಎಂದ ಮರಿಯಯ್ಯ. "ನಾಗಯ್ಯ, ದಿನಾ ಸೇದೋನಂತಲ್ಲ ನೀನು. ಒಂದು ಕೊಡ ಸೇದು, ನೋಡೋಣ."

ನಾಗಯ್ಯ ಹಿತ್ತಲಿಗೆ ಬಂದು ಬಾವಿಯ ಹಗ್ಗಕ್ಕೆ ಕೈ ಹಾಕಿದ.

"ಏಯ್, ಮುಟ್ಬೇಡ್ವೋ! ಹನ್ನೆರಡು ವರ್ಷದಲ್ಲಿ ಒಂದು ದಿನ ಮುಟ್ಟಿದ್ದೀಯೇನೋ? ಬಾವಿ ಮೈಲಿಗೆ..."

ಶ್ಯಾಮಣ್ಣನ ಬಾಯಿ ಎಂಜಿನ್ನಿನ ಹಾಗೇ ಕಚ್ಚಿಕೊಂಡು ನಿಂತಿತು.

"ಮುಗಿಸಿ ಶ್ಯಾಮಣ್ಣೋರೇ. ಅವನು ಮುಟ್ಟದಿದ್ರೆ ಡ್ರಮ್ ತುಂಬ್ತಿದ್ದೋರು ಯಾರು? ನೀವು. ಒಲೆ ಹಚ್ಚೋ ಕಷ್ಟ ಯಾಕೆ ಅಂತ ಡ್ರಮ್ಮಿನ ಬಿಸಿನೀರು ಮೊಗೆದು ಸ್ನಾನ. ಆಮೇಲೆ ಅಷ್ಟೇ ತಣ್ಣೀರು ಸುರಿಯೋದು. ಇವತ್ತು ಸುರೀಲಿಲ್ಲ. ಒಲೇಲಿ ಜೇಡ ಇದೆ, ಹಂಡೇಲಿ ಎಣ್ಣೆ ತೇಲ್ತಿದೆ."

"ಪೂಜೆಗೆ ಹೊತ್ತಾಗಿತ್ತು... ಮರೆತೆ."

"ಮರೆತದ್ದು ತಪ್ಪು. ಅವನ ತಲೆಗೆ ಕಟ್ಟಿದ್ದು ಹೇಸಿಗೆ. ನಾಗಯ್ಯ ದಿನವಿಡೀ ಮುಟ್ಟೋ ಎಂಜಿನ್ನಿನ ಹೊಟ್ಟೆ ಹೊಕ್ಕು ಬಂದ ನೀರು ನಿಮ್ಮ ಮಡಿಗೆ ಆಗುತ್ತೆ. ಅವನು ಮುಟ್ಟಿದ ಹಗ್ಗ ಆಗಲ್ಲ! ಸುಳ್ಳು ದೂರು ಒಂದು ಕೇಸು, ಬಾವಿ ಮುಟ್ಟೋಕೆ ಬಿಡದಿದ್ದದ್ದು ಇನ್ನೊಂದು. ನಡೀರಿ ಜೀಪಿಗೆ."

ನಾಗಯ್ಯನ ಕೈಯಲ್ಲಿ ಹಗ್ಗ ಹಾಗೇ ಇತ್ತು. "ಸಾ, ಸೇದ್ಲಾ, ಬುಡ್ಲಾ?"

"ಸೇದಯ್ಯ."

ಸೇದಿದ. ಸತ್ತ ಎಂಜಿನ್ನಿಗೆ ನೀರು ಬೇಕಿರಲಿಲ್ಲ. ಅಭ್ಯಾಸಬಲದಿಂದ ಬೊಗಸೆಯೊಡ್ಡಿ, ಯಾರಾದರೂ ಹೊಯ್ಯಲಿ ಎಂದು ಒಂದು ಕ್ಷಣ ಕಾದ. ಆಮೇಲೆ ಕೊಡವನ್ನೇ ಬಾಯಿಗೆತ್ತಿದ.